ಹೀಟರ್ ಕೆಟ್ಟ ರಾತ್ರಿ ಉಳಿದ ಐದು ಮೀನುಗಳು

ಹದಿನಾರರಲ್ಲಿ ಹನ್ನೊಂದು ಸತ್ತಿದ್ದವು. ಜನವರಿಯ ಒಂದು ಬೆಳಗ್ಗೆ, ಆರೂವರೆ ಇರಬೇಕು. ಶಿರಸಿಯಲ್ಲಿ ಆ ವಾರ ಎಂಥ ಚಳಿಯೆಂದರೆ ಬಚ್ಚಲ ಒಲೆಯ ಮುಂದೆ ಕುಳಿತವರಿಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಜಗಲಿಯ ಮೂಲೆಯ ಗಾಜಿನ ತೊಟ್ಟಿ ಮಾತ್ರ ಬೆವರುತ್ತಿತ್ತು. ಮುಚ್ಚಳ ಎತ್ತಿದರೆ ಮುಖಕ್ಕೆ ಹಬೆ. ಕೈ ಅದ್ದಿ ನೋಡಿದೆ. ಥೇಟ್ ಸ್ನಾನದ ನೀರು. ಗಾಜಿಗೆ ಅಂಟಿಸಿದ್ದ ಉಷ್ಣಾಂಶದ ಪಟ್ಟಿಯಲ್ಲಿ 34ರ ಆಚೆ ಅಂಕಿಗಳೇ ಇರಲಿಲ್ಲವಾದ್ದರಿಂದ ಅದು ಕಪ್ಪಗೆ ಸುಮ್ಮನಾಗಿತ್ತು. ಕಾಲೇಜಿನ ಪ್ರಯೋಗಾಲಯದಿಂದ ತಂದು ಮರಳಿಸಲು ಮರೆತಿದ್ದ ಥರ್ಮಾಮೀಟರ್ ಹುಡುಕಿ ಇಳಿಬಿಟ್ಟೆ. 39 ಡಿಗ್ರಿ.

ತಪ್ಪು ಪೂರ್ತಿ ನನ್ನದೇ. 45 ಲೀಟರಿನ ತೊಟ್ಟಿಗೆ 50 ವಾಟಿನ ಹೀಟರ್ ಧಾರಾಳವಾಗಿ ಸಾಕು. ಅಂಗಡಿಯಲ್ಲಿ 200 ವಾಟಿನದು ಮಾತ್ರ ಇತ್ತು, ಹೆಚ್ಚಾದರೆ ಒಳ್ಳೆಯದೇ ಎಂದು ಅದನ್ನೇ ತಂದಿದ್ದೆ. ರಾತ್ರಿ ಅದರ ಥರ್ಮೋಸ್ಟಾಟ್ ಕಚ್ಚಿಕೊಂಡು, ಬೆಳಗಿನವರೆಗೂ ಆರದೆ ನೀರನ್ನು ಕಾಯಿಸಿದೆ. ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದಿದೆ: ಜೀಬ್ರಾ ಮೀನಿಗೆ ಹೀಟರ್ ಬೇಕಾಗಿಯೇ ಇರಲಿಲ್ಲ. ಬಂಗಾಳದ ಉತ್ತರದ ಚಳಿಗಾಲವನ್ನು ತಲೆಮಾರುಗಳಿಂದ ಕಂಡ ಮೀನು ಅದು. ಪ್ರೀತಿಯಿಂದ ಕೊಲ್ಲುವುದು ಎನ್ನುತ್ತಾರಲ್ಲ, ಹಾಗಾಯಿತು.

“ಮೀನನ್ನು ಬಿಸಿನೀರಿಗೆ ಹಾಕಿದರೆ ಬೇಯದೆ ಈಜುತ್ತದೆಯೇನೋ ತಮ್ಮಾ?” ಎಂದು ಆಯಿ ಕೇಳಿದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆದರೆ ಐದು ಮೀನುಗಳು ಈಜುತ್ತಿದ್ದವು. ಗಾಳಿಯ ಗುಳ್ಳೆಗಳು ಏಳುವ ಮೂಲೆಯಲ್ಲಿ, ನೀರಿನ ಮೇಲ್ಮೈಗೆ ಬಾಯಿ ತಾಗಿಸಿಕೊಂಡು, ಕಿವಿರುಗಳನ್ನು ಪಟಪಟನೆ ಬಡಿಯುತ್ತಾ. ತಂಬಿಗೆಯಿಂದ ಸ್ವಲ್ಪ ಸ್ವಲ್ಪವೇ ತಣ್ಣೀರು ಬೆರೆಸುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಐದೂ ಏನೂ ಆಗದವುಗಳಂತೆ ಅನ್ನದ ಅಗುಳಿನ ಹಿಂದೆ ಓಡುತ್ತಿದ್ದವು.

ಎರಡನೇ ಪಿಯುಸಿಗೆ ಜೀವಶಾಸ್ತ್ರ ಕಲಿಸುವವನ ತಲೆ ಇಂಥ ಹೊತ್ತಿನಲ್ಲಿ ಹೇಗೆ ಓಡುತ್ತದೆ ಎಂದು ಊಹಿಸಬಹುದು. ಸತ್ತವು ಬಿಸಿ ತಾಳದವು, ಉಳಿದವು ತಾಳುವವು; ಉಳಿದವುಗಳಿಂದ ಮರಿ ಮಾಡಿಸಿದರೆ ಬಿಸಿ ತಾಳುವ ತಳಿ ಸಿದ್ಧ! ಒಂದು ನೋಟ್‌ಬುಕ್ಕಿನ ಮೇಲೆ ‘ಗಟ್ಟಿ ತಳಿ’ ಎಂದು ಬರೆದೇಬಿಟ್ಟೆ. ಇನ್ನೊಂದು ತೊಟ್ಟಿಯ ತಳದಲ್ಲಿ ಗೋಲಿಗಳನ್ನು ಹರಡಿದೆ. ಜೀಬ್ರಾ ಮೀನು ತಾನಿಟ್ಟ ಮೊಟ್ಟೆಯನ್ನು ತಾನೇ ತಿನ್ನುತ್ತದೆ. ಗೋಲಿಗಳ ಸಂದಿಗೆ ಉರುಳಿದ ಮೊಟ್ಟೆ ಬಚಾವಾಗುತ್ತದೆ. ಬೆಳಕು ಹರಿಯುತ್ತಿದ್ದಂತೆ ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುವುದು, ಸಾಸಿವೆಗಿಂತ ಚಿಕ್ಕ ಪಾರದರ್ಶಕ ಮೊಟ್ಟೆಗಳು ಉದುರುವುದು, ಮೂರನೆಯ ದಿನ ಕಣ್ಣು ಮತ್ತು ಬಾಲ ಮಾತ್ರ ಇರುವ ಎಳೆಗಳು ಗಾಜಿಗೆ ಅಂಟಿಕೊಳ್ಳುವುದು, ಇದನ್ನೆಲ್ಲ ನೋಡುತ್ತಾ ಕಾಲೇಜಿಗೆ ತಡವಾಗಿ ಹೋದ ದಿನಗಳಿವೆ.

ತರಗತಿಯಲ್ಲಿ ಹೆಮ್ಮೆಯಿಂದ ಈ ಕಥೆ ಹೇಳಿದೆ. ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಅವು ಗಟ್ಟಿಯಾಗಿದ್ದವೋ, ಗುಳ್ಳೆಗಳ ಹತ್ತಿರ ಇದ್ದವೋ?” ಎಂದಳು.

ಆ ಪ್ರಶ್ನೆಯ ಬೆನ್ನು ಹತ್ತಿ ಎರಡು ವರ್ಷ ಓದಿದ್ದೇನೆ. ಹುಡುಗಿ ಪಾಸಾಗಿ ಹೋಗಿಯಾಗಿದೆ.

ಮೊದಲು ಈ ಮೀನಿನ ಬಗ್ಗೆ ಒಂದಿಷ್ಟು. ಇದಕ್ಕೆ ವೈಜ್ಞಾನಿಕ ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡ. ನಮ್ಮವರಿಗೆ ಅವನು ಮೀನಿನ ಕಾರಣಕ್ಕೆ ಗೊತ್ತಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಿಂದ ಕೆನರಾದವರೆಗೆ ಊರೂರು ತಿರುಗಿ ಗದ್ದೆ, ತೋಟ, ತೆರಿಗೆ ಎಲ್ಲವನ್ನೂ ಬರೆದಿಟ್ಟ ಸ್ಕಾಟ್ಲೆಂಡಿನ ವೈದ್ಯ ಅವನೇ. ಸೋಂದೆ, ಬನವಾಸಿ, ಇಕ್ಕೇರಿಗಳ ದಾರಿಯಲ್ಲಿ ಹಾದು ಹೋಗಿದ್ದಾನೆ. ಗಂಗೆಯ ಮೀನುಗಳ ಮೇಲಿನ ಅವನ ದೊಡ್ಡ ಪುಸ್ತಕ 1822ರಲ್ಲಿ ಬಂತು, ಜೀಬ್ರಾ ಮೀನು ಅದರಲ್ಲಿದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಈ ಮೀನು ಇದೆ. ಅವನ ಕುದುರೆ ನೀರು ಕುಡಿದ ಯಾವುದಾದರೂ ಹಳ್ಳದಲ್ಲಿ ಈಜುತ್ತಿದ್ದರೂ ಇದ್ದೀತು. ಚಿಕ್ಕಂದಿನಲ್ಲಿ ಗದ್ದೆಯ ಕಾಲುವೆಗೆ ಬೈರಾಸು ಅಡ್ಡ ಹಿಡಿದು ನಾವು ಹಿಡಿಯುತ್ತಿದ್ದ ಗೆರೆಯ ಮೀನು ಇದೇ ಎಂದು ಬಹಳ ಕಾಲ ನಂಬಿದ್ದೆ. ಈಗ ನೆನಪು ಮಾಡಿಕೊಂಡರೆ, ಅದು ಮೈ ಅಗಲವಾದ ದಾಯಾದಿ ಮೀನು. ನಿಜವಾದ ಜೀಬ್ರಾ ಮೀನಿನಲ್ಲಿ ನೀಲಿ ಗೆರೆಗಳು ಹೊಟ್ಟೆಯ ಕೆಳಗಿನ ಹಿಂಬದಿಯ ಈಜುರೆಕ್ಕೆಯ ಮೇಲೂ ಮುಂದುವರಿಯುತ್ತವೆ.

ಈ ಮೀನು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಅಲ್ಲಿ ಸುಮಾರು 28 ಡಿಗ್ರಿಯ ಸಮ ನೀರಿನಲ್ಲಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾ ದಶಕಗಳಿಂದ ಬೆಳೆದಿದೆ. ಹಾಗೆ ಬೆಳೆದದ್ದರ ಬೆಲೆ ಏನು ಎಂಬುದು ಒಂದು ಸಂಗತಿಯಿಂದ ಗೊತ್ತಾಗುತ್ತದೆ: ಕಾಡಿನ ಜೀಬ್ರಾ ಮೀನುಗಳಲ್ಲಿ ಗಂಡು ಹೆಣ್ಣನ್ನು ನಿರ್ಧರಿಸುವ ವಂಶವಾಹಿಯ ಭಾಗ ನಾಲ್ಕನೆಯ ವರ್ಣತಂತುವಿನಲ್ಲಿದೆ, ಹೆಸರಾಂತ ಪ್ರಯೋಗಾಲಯ ತಳಿಗಳಲ್ಲಿ ಅದು ಕಳೆದೇಹೋಗಿದೆ. ಮೂಲದ ವೈವಿಧ್ಯದಲ್ಲಿ ಒಂದು ಹಿಡಿ ಮಾತ್ರ ಡಬ್ಬಿಯಲ್ಲಿ ಉಳಿದಿದೆ. ಆದ್ದರಿಂದ ಕಾಡಿನ ಮೀನು ಬಿಸಿಗೆ ಹೇಗೆ ಒಗ್ಗೀತು ಎಂದು ತಿಳಿಯಬೇಕಾದರೆ ಡಬ್ಬಿಯ ಮೀನನ್ನು ಕೇಳಿ ಪ್ರಯೋಜನವಿಲ್ಲ. ಹುಬ್ಬಳ್ಳಿಯ ಅಂಗಡಿಯಿಂದ ಬಂದ ನನ್ನ ಹದಿನಾರನ್ನಂತೂ ಕೇಳುವಂತೆಯೇ ಇಲ್ಲ.

ನೀರಿನ ತಾಪ ಮೀನಿನ ವಂಶವಾಹಿಯ ಮೇಲೆ ಕೈಯಾಡಿಸುವುದನ್ನು ಚೆನ್ನಾಗಿ ತೋರಿಸಿಕೊಟ್ಟ ಮೀನು ಬೇರೆಯೇ. ಅಮೆರಿಕದ ಪೂರ್ವ ಕರಾವಳಿಯ ಉಪ್ಪು ಜೌಗುಗಳಲ್ಲಿ ಮಮ್ಮಿಚಾಗ್ ಎಂಬ ಬೆರಳುದ್ದದ, ನೋಡಲು ಏನೇನೂ ಚೆಂದವಿಲ್ಲದ ಮೀನಿದೆ. (1973ರಲ್ಲಿ ಸ್ಕೈಲ್ಯಾಬಿಗೆ ಹೋದ, ಬಾಹ್ಯಾಕಾಶ ಕಂಡ ಮೊದಲ ಮೀನು ಇದೇ. ಚೆಂದಕ್ಕೂ ಯೋಗಕ್ಕೂ ಸಂಬಂಧವಿಲ್ಲ.) ಆ ಕರಾವಳಿಯಲ್ಲಿ ಉತ್ತರಕ್ಕೆ ಒಂದೊಂದು ಅಕ್ಷಾಂಶ ಹೋದಂತೆ ನೀರು ಹೆಚ್ಚುಕಡಿಮೆ ಒಂದೊಂದು ಡಿಗ್ರಿ ತಣ್ಣಗಾಗುತ್ತದೆ. ಫ್ಲಾರಿಡಾದಿಂದ ಕೆನಡಾದವರೆಗೆ ಒಂದೇ ಮೀನು. ನಿಸರ್ಗವೇ ಹಾಸಿಟ್ಟ ಪ್ರಯೋಗ.

ಜೀವವಿಜ್ಞಾನಿ ಡೆನ್ನಿಸ್ ಪವರ್ಸ್ ಮತ್ತು ಸಂಗಡಿಗರು ಈ ಮೀನಿನ ಒಂದೇ ಒಂದು ಕಿಣ್ವವನ್ನು ಹಿಡಿದು ವರ್ಷಗಟ್ಟಲೆ ಕುಳಿತರು. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಆ ಕಿಣ್ವ ನಮ್ಮ ಮೈಯಲ್ಲೂ ಇದೆ. ಓಡಿ ಓಡಿ ದಣಿದ ಸ್ನಾಯುವಿನ ಲೆಕ್ಕಾಚಾರದಲ್ಲಿ ಅದಕ್ಕೆ ಪಾತ್ರವಿದೆ. ಮಮ್ಮಿಚಾಗಿನಲ್ಲಿ ಅದರ ‘ಬಿ’ ಜೀನಿಗೆ ಮುಖ್ಯವಾಗಿ ಎರಡು ರೂಪಗಳು. ಉತ್ತರದ ಮೇನ್ ರಾಜ್ಯದ ಕಡೆ ಸಿಗುವುದೆಲ್ಲ ಒಂದು ರೂಪ, ಜಾರ್ಜಿಯಾ, ಫ್ಲಾರಿಡಾ ಕಡೆಯದೆಲ್ಲ ಇನ್ನೊಂದು. ನಡುವೆ ನ್ಯೂಜೆರ್ಸಿಯ ಆಚೀಚೆ ಎರಡೂ ಬೆರೆತಿವೆ. 1982ರಲ್ಲಿ ಲಿಯೊನಾರ್ಡ್ ಡಿಮಿಕೆಲ್ ಮತ್ತು ಪವರ್ಸ್ ಎರಡೂ ರೂಪಗಳ ಮೀನುಗಳನ್ನು ಹರಿವಿಗೆ ಎದುರಾಗಿ ಈಜಿಸಿದರು. 10 ಡಿಗ್ರಿಯ ನೀರಿನಲ್ಲಿ ಉತ್ತರದ ರೂಪ ಹೊತ್ತವು ಶೇ 20ರಷ್ಟು ಹೆಚ್ಚು ವೇಗದವರೆಗೆ ತಾಳಿಕೊಂಡವು. 25 ಡಿಗ್ರಿಯಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ.

25 ಡಿಗ್ರಿಯ ಆ ಕೊನೆಯ ವಾಕ್ಯದಲ್ಲೇ ನನಗೆ ಹೆಚ್ಚು ಆಸಕ್ತಿ. ಜೀನಿನ ಒಂದು ರೂಪ ‘ಒಳ್ಳೆಯದು’ ಎಂದು ಸುಮ್ಮನೆ ಹೇಳಲು ಬರುವುದಿಲ್ಲ. ಯಾವ ನೀರಿನಲ್ಲಿ ಎಂದು ಕೇಳಬೇಕು. ಮೀನಿನ ಮೈಗೆ ತನ್ನದೇ ಬಿಸಿಯಿಲ್ಲ, ನೀರಿನ ತಾಪವೇ ಅದರ ತಾಪ. ಕಿಣ್ವವೊಂದು ತಣ್ಣೀರಿನಲ್ಲಿ ಜಡ್ಡುಗಟ್ಟಿದರೆ ಮೀನೂ ಜಡ್ಡುಗಟ್ಟಿದಂತೆ. ಹಾಗೆಂದು ಎಲ್ಲವನ್ನೂ ತಾಪದ ತಲೆಗೆ ಕಟ್ಟುವುದೂ ಸರಿಯಲ್ಲ. ಹಿಮಯುಗದಲ್ಲಿ ಬೇರ್ಪಟ್ಟಿದ್ದ ಉತ್ತರ, ದಕ್ಷಿಣದ ಮೀನುಗಳು ಆಮೇಲೆ ಬಂದು ಕೂಡಿಕೊಂಡ ಚರಿತ್ರೆಯ ಗುರುತೂ ಆ ಬೆರಕೆಯಲ್ಲಿದೆ ಎಂದು ಬೇರೆ ಜೀನುಗಳನ್ನು ನೋಡಿದವರು ತೋರಿಸಿದ್ದಾರೆ. ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನಾನಂತೂ ಹೇಳಿಯೇ ಮುಂದೆ ಹೋಗುತ್ತೇನೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆದದ್ದು ಇನ್ನೂ ಚುರುಕಿನ ಕಥೆ. ಬೆನ್ನ ಮೇಲೆ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನು ಸಮುದ್ರದಲ್ಲೂ ಇದೆ, ಸಿಹಿನೀರಿನಲ್ಲೂ ಇದೆ. ಸಿಹಿನೀರಿನ ಕೊಳಗಳು ಚಳಿಗಾಲದಲ್ಲಿ ಸಮುದ್ರಕ್ಕಿಂತ ಹೆಚ್ಚು ತಣ್ಣಗಾಗುತ್ತವೆ, ಅಲ್ಲಿಯ ಮೀನಿಗೆ ಚಳಿ ತಾಳುವ ಶಕ್ತಿಯೂ ಹೆಚ್ಚು. ರೋವನ್ ಬ್ಯಾರೆಟ್ ಮತ್ತು ಜೊತೆಗಾರರು ಸಮುದ್ರದ ಮೀನುಗಳನ್ನು ಸಿಹಿನೀರಿನ ಕೊಳಗಳಿಗೆ ಬಿಟ್ಟರು. ಮೂರೇ ತಲೆಮಾರು. ಅಷ್ಟರಲ್ಲಿ ಅವುಗಳ ಸಂತಾನ ಮೂಲದವಕ್ಕಿಂತ 2.5 ಡಿಗ್ರಿ ಹೆಚ್ಚು ತಣ್ಣನೆಯ ನೀರನ್ನು ತಾಳುವಂತಾಗಿ, ಸಿಹಿನೀರಿನಲ್ಲೇ ಬದುಕಿಕೊಂಡು ಬಂದ ಮೀನುಗಳಿಗೆ ಸರಿಸಮವಾಗಿತ್ತು. ವರದಿ ಬಂದದ್ದು 2011ರಲ್ಲಿ.

ಮೂರು ತಲೆಮಾರಿನಲ್ಲಿ ಹೊಸ ಜೀನು ಹುಟ್ಟಿ ಹರಡುವುದೆಲ್ಲ ಆಗುವ ಮಾತಲ್ಲ. ಚಳಿಯ ವಂಶವಾಹಿ ಸಮುದ್ರದ ಮೀನುಗಳಲ್ಲಿ ಅಲ್ಲೊಂದು ಇಲ್ಲೊಂದರಲ್ಲಿ ಮೊದಲೇ ಅಡಗಿತ್ತು. ಅಜ್ಜ ಬೀಜದ ಭತ್ತವನ್ನು ಒಂದೇ ಹೊಲದಿಂದ ಎತ್ತುತ್ತಿರಲಿಲ್ಲ. ತೆನೆಗಳಲ್ಲಿ ಒಂದಿಷ್ಟು ಎತ್ತರದವು, ಗಿಡ್ಡವು, ತಡವಾಗಿ ಮಾಗುವವು ಬೆರೆತಿದ್ದರೂ ಆರಿಸಿ ಎಸೆಯುತ್ತಿರಲಿಲ್ಲ. “ಯಾವ ವರ್ಷ ಯಾವುದು ಕೈ ಹಿಡಿಯುತ್ತದೋ” ಎನ್ನುತ್ತಿದ್ದ. ವಾತಾವರಣ ಬದಲಾದಾಗ ಒಂದು ಮೀನಿನ ಗುಂಪು ತನ್ನ ಕಣಜದಿಂದ ತೆಗೆದು ಬಿತ್ತಲು ಏನಾದರೂ ಇದ್ದರಷ್ಟೇ ಬಿತ್ತೀತು.

ಇದನ್ನು ಓದಿ ನನ್ನ ‘ಗಟ್ಟಿ ತಳಿ’ ನೋಟ್‌ಬುಕ್ಕಿಗೆ ಮತ್ತೆ ಜೀವ ಬಂದಿತ್ತು. ಚಳಿಗೆ ಮೂರು ತಲೆಮಾರು ಸಾಕಾದರೆ ಬಿಸಿಗೆ ಎಷ್ಟು? ಐದು ಎಂದಿಟ್ಟುಕೊಳ್ಳೋಣ ಎಂದು ಲೆಕ್ಕ ಹಾಕಿದ್ದೆ.

ಅದಕ್ಕೆ ನೀರೆರಚಿದ್ದು ನಾರ್ವೆಯ ಟ್ರಾಂಡ್‌ಹೈಮ್. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ರೇಚಲ್ ಮಾರ್ಗನ್, ಫ್ರೆಡ್ರಿಕ್ ಯೂಟ್‌ಫೆಲ್ಟ್ ಮತ್ತಿತರರು ನಾನು ಅಕಸ್ಮಾತ್ತಾಗಿ ಮಾಡಿದ್ದನ್ನು ನಿಯಮಬದ್ಧವಾಗಿ, ಯಾವ ಮೀನೂ ಬೇಯದಂತೆ ಮಾಡಿದ್ದರು. ಅಂಗಡಿಯ ಮೀನಲ್ಲ, ಪಶ್ಚಿಮ ಬಂಗಾಳದ ನೀರುಗಳಲ್ಲಿ ಹಿಡಿದ ಕಾಡಿನ ಜೀಬ್ರಾ ಮೀನುಗಳ ಸಂತಾನ. ತೊಟ್ಟಿಯ ನೀರನ್ನು ನಿಮಿಷಕ್ಕೆ 0.3 ಡಿಗ್ರಿಯಂತೆ ಏರಿಸುತ್ತಾ ಹೋಗುವುದು. ಒಂದು ಹಂತದಲ್ಲಿ ಮೀನು ಹಿಡಿತ ತಪ್ಪಿ, ದಿಕ್ಕೆಟ್ಟು ಮಗುಚಿಕೊಳ್ಳುತ್ತದೆ. ತಕ್ಷಣ ಎತ್ತಿ ತಣ್ಣೀರಿಗೆ ಬಿಟ್ಟು, ಆ ಅಂಕಿಯನ್ನು ಬರೆದುಕೊಳ್ಳುವುದು. 28 ಡಿಗ್ರಿಯಲ್ಲಿ ಬೆಳೆದ ಮೀನಿಗೆ ಅದು 41ರ ಆಸುಪಾಸು. ಆಮೇಲೆ ಹೆಚ್ಚು ತಾಳಿದ ಮೂರನೇ ಒಂದು ಭಾಗವನ್ನು ಮಾತ್ರ ಮುಂದಿನ ಪೀಳಿಗೆಗೆ ಕೂಡಿಸುವುದು. ಇನ್ನೊಂದು ಸಾಲಿನಲ್ಲಿ ಇದರ ತಿರುಗುಮುರುಗು: ಬೇಗ ಸೋತವುಗಳನ್ನೇ ಆರಿಸಿ ಕೂಡಿಸುವುದು. ಹೀಗೆ ಆರು ತಲೆಮಾರು, 20,000ಕ್ಕೂ ಹೆಚ್ಚು ಮೀನು. 2020ರಲ್ಲಿ ಪ್ರಕಟವಾಯಿತು.

ಹದಿನಾರರಲ್ಲಿ ಐದು ಅಂದರೆ ನನ್ನದೂ ಮೂರನೇ ಒಂದು ಭಾಗದ ಹತ್ತಿರವೇ. ಓದುತ್ತಾ ಎದೆ ಡವಗುಟ್ಟಿತು.

ಫಲಿತಾಂಶ: ಬಿಸಿ ತಾಳುವ ಕಡೆಗೆ ಆರಿಸಿದ ಸಾಲು ತಲೆಮಾರಿಗೆ 0.04 ಡಿಗ್ರಿ ಮುಂದೆ ಸರಿದಿತ್ತು. ಆರು ತಲೆಮಾರು ಕಳೆದ ಮೇಲೆ ಗಳಿಕೆ 0.22 ಡಿಗ್ರಿ. ನನ್ನ ಥರ್ಮಾಮೀಟರಿನಲ್ಲಿ ಅಷ್ಟು ಚಿಕ್ಕ ಗೆರೆಯೇ ಇಲ್ಲ. ತಿರುಗುಮುರುಗಾಗಿ ಆರಿಸಿದ ಸಾಲು ಮಾತ್ರ 0.74 ಡಿಗ್ರಿ ಕೆಳಗಿಳಿದಿತ್ತು. ಇಳಿಯುವುದು ಜಾರುಬಂಡೆ, ಏರುವುದು ಗೋಡೆ. ಕಾಡಿನಲ್ಲಿ ಈ ಮೀನಿಗೆ ತಲೆಮಾರೆಂದರೆ ಸುಮಾರು ಒಂದು ವರ್ಷ. ಆ ಲೆಕ್ಕದಲ್ಲಿ ಒಂದು ಡಿಗ್ರಿ ಸಂಪಾದಿಸಲು ಇಪ್ಪತ್ತೈದು ವರ್ಷ, ಅದೂ ಪ್ರತಿ ವರ್ಷ ಮೂರರಲ್ಲಿ ಎರಡು ಪಾಲನ್ನು ನಿರ್ದಯವಾಗಿ ಬದಿಗೆ ಸರಿಸುತ್ತಾ ಹೋದರೆ.

ಇನ್ನೂ ಒಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಮೀನನ್ನು ಕೆಲವು ದಿನ ಬೆಚ್ಚಗಿನ ನೀರಿನಲ್ಲಿಟ್ಟರೆ ಅದೇ ಮೀನು ಸ್ವಲ್ಪ ಹೆಚ್ಚು ಬಿಸಿ ತಾಳಲು ಕಲಿಯುತ್ತದೆ. ಇದು ವಂಶದ ಮಾತಲ್ಲ, ಮೈ ಪಳಗುವ ಮಾತು. ಮೇ ತಿಂಗಳಲ್ಲಿ ಘಟ್ಟದ ಕೆಳಗೆ ಮದುವೆಗೆ ಹೋದವರು ಮೂರನೆಯ ದಿನಕ್ಕೆ ಸೆಕೆಗೆ ಒಗ್ಗಿಕೊಂಡಂತೆ. ವಂಶದಿಂದ ಬಿಸಿ ತಾಳುವಂತೆ ಆರಿಸಿದ ಸಾಲಿನಲ್ಲಿ ಈ ಪಳಗುವ ಗುಣ ಕಡಿಮೆಯಾಗಿತ್ತು. ಮೇಲೊಂದು ಗಟ್ಟಿ ಛಾವಣಿ ಇದ್ದರೆ ಹೀಗಾಗುತ್ತದೆ: ನೆಲ ಎತ್ತರಿಸಿಕೊಂಡಷ್ಟೂ ತಲೆ ತಗಲುವುದು ಬೇಗ.

ಛಾವಣಿಯ ಮಾತು ಸ್ವೀಡನ್ನಿನ ಮೀನುಗಳಿಂದಲೂ ಬಂದಿದೆ. ಫೋರ್ಸ್‌ಮಾರ್ಕ್ ಅಣುಸ್ಥಾವರದ ಪಕ್ಕ, ಯಂತ್ರ ತಂಪಾಗಿಸಿದ ಬಿಸಿನೀರು ಬಂದು ಬೀಳುವಂತೆ ಸಮುದ್ರದ ಒಂದು ತುಂಡಿಗೆ ಒಡ್ಡು ಕಟ್ಟಿದ್ದಾರೆ. ಸುಮಾರು ಒಂದು ಚದರ ಕಿಲೋಮೀಟರು. 1980ರಿಂದ ಅಲ್ಲಿಯ ನೀರು ಹೊರಗಿನ ಸಮುದ್ರಕ್ಕಿಂತ 5ರಿಂದ 10 ಡಿಗ್ರಿ ಬೆಚ್ಚಗಿದೆ. ಅಲ್ಲಿಯ ಪರ್ಚ್ ಮೀನುಗಳನ್ನು ಹೊರಗಿನವುಗಳ ಜೊತೆ ಹೋಲಿಸಿ ನೋಡಿದಾಗ, ಸುಮ್ಮನಿದ್ದಾಗಿನ ಉಸಿರಾಟದ ಖರ್ಚನ್ನು ಅವು ಬೆಚ್ಚನೆಯ ನೀರಿಗೆ ತಕ್ಕಂತೆ ಚೆನ್ನಾಗಿ ತಗ್ಗಿಸಿಕೊಂಡಿದ್ದವು. ಮೇಲಿನ ಮಿತಿಗಳು ಮಾತ್ರ ಅಷ್ಟಾಗಿ ಬಗ್ಗಿರಲಿಲ್ಲ. ನೆಲ ಬಗ್ಗುವ ಪ್ಲಾಸ್ಟಿಕ್ಕು, ಛಾವಣಿ ಬಗ್ಗದ ಕಾಂಕ್ರೀಟು ಎಂದು ಸಂಶೋಧಕರೇ ಹೆಸರಿಟ್ಟರು. ವಿಜ್ಞಾನಿಗಳು ಅಪರೂಪಕ್ಕೆ ಇಷ್ಟು ಚೆನ್ನಾಗಿ ಹೆಸರಿಡುತ್ತಾರೆ.

ಮತ್ತೆ ಆ ಹುಡುಗಿಯ ಪ್ರಶ್ನೆ. ಬಿಸಿಯ ತುದಿಯಲ್ಲಿ ಮೀನು ಮಗುಚುವುದೇಕೆ ಎಂದು ಜೀಬ್ರಾ ಮೀನಿನ ಮರಿಗಳ ಮಿದುಳನ್ನೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ್ದಾರೆ. ಕಾಯುತ್ತಾ ಹೋದಂತೆ ಮಿದುಳಿನ ಚಟುವಟಿಕೆ ಮಂಕಾಗಿ, ಕೊನೆಗೆ ನರಕೋಶಗಳೆಲ್ಲ ಒಟ್ಟಿಗೆ ಹೊತ್ತಿ ಆರಿದಂತೆ ಒಂದು ಅಲೆ ಹಾಯುತ್ತದೆ. ನೀರಿನಲ್ಲಿ ಆಮ್ಲಜನಕ ಹೆಚ್ಚಿಸಿದರೆ ಆ ಘಳಿಗೆ ಮುಂದಕ್ಕೆ ಹೋಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ, ಮೈ ಕೇಳುವುದು ಹೆಚ್ಚು. ನನ್ನ ಐದು ವೀರರು ನಿಂತಿದ್ದು ಎಲ್ಲಿ? ಗುಳ್ಳೆಯ ಮೂಲೆಯಲ್ಲಿ. ಅವುಗಳ ಮೂರನೆಯ ತಲೆಮಾರು ಈಗ ಜಗಲಿಯಲ್ಲಿದೆ. ನೋಟ್‌ಬುಕ್ಕಿನ ಮೇಲಿನ ಹೆಸರನ್ನು ಹೊಡೆದುಹಾಕಿ ‘ಗುಳ್ಳೆ ತಳಿ’ ಎಂದು ಬರೆದಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಥರ್ಮಾಮೀಟರ್ ಜೇಬಿನಲ್ಲಿತ್ತು. (ಕಾಲೇಜಿಗೆ ಇನ್ನೂ ಮರಳಿಸಿಲ್ಲ.) ತೋಟದ ಕೆಳಗಿನ ಹಳ್ಳ ಬೇಸಿಗೆಯಲ್ಲಿ ಹರಿಯುವುದು ನಿಂತು, ಗುಂಡಿ ಗುಂಡಿಯಾಗಿ ಉಳಿಯುತ್ತದೆ. ಎರಡೂ ಬದಿಯ ಪಂಪುಗಳು ಆ ಗುಂಡಿಗಳನ್ನೇ ಹೀರುತ್ತವೆ. ಮಧ್ಯಾಹ್ನ ಎರಡು ಗಂಟೆಗೆ, ಕೆಸರು ಬಿರಿದ ಅಂಚಿನ ಮೊಣಕಾಲುದ್ದದ ನೀರಿನಲ್ಲಿ ಅಳೆದೆ: 36. ಅಲ್ಲಿಂದ ಹತ್ತು ಹೆಜ್ಜೆ ಆಚೆ, ಹೊಳೆಮತ್ತಿ ಮರದ ಬೇರು ನೀರಿಗಿಳಿದಿರುವ ಕಡೆ, ಬೇರಿನ ಪೊಟರೆಯೊಳಗೆ ದಾರ ಕಟ್ಟಿ ಇಳಿಬಿಟ್ಟೆ: 28. ಬಿಸಿಲಿನ ಕಡೆ ಒಂದು ಮೀನೂ ಇರಲಿಲ್ಲ. ಬೇರಿನ ನೆರಳಿನಲ್ಲಿ ಅಂಗೈಯಗಲದ ಜಾಗಕ್ಕೆ ನಲವತ್ತು ಐವತ್ತು ಕಿರುಮೀನುಗಳು ಒತ್ತೊತ್ತಾಗಿ, ಎಲ್ಲವೂ ಒಂದೇ ಕಡೆ ತಲೆ ಹಾಕಿ ನಿಂತಿದ್ದವು. ನನ್ನ ನೆರಳು ಬಿದ್ದಾಗಲೂ ಬಿಸಿಲಿಗೆ ಓಡಲಿಲ್ಲ, ಬೇರಿನ ಇನ್ನೂ ಒಳಕ್ಕೆ ಸರಿದವು.

ಎಂಟು ಡಿಗ್ರಿ. ಟ್ರಾಂಡ್‌ಹೈಮಿನ ವೇಗದಲ್ಲಿ ಇನ್ನೂರು ತಲೆಮಾರು.

ತೋಟವನ್ನು ನೋಡಿಕೊಳ್ಳುವವನು ತಮ್ಮ. ಹಳ್ಳದ ದಂಡೆಯವರೆಗೆ ಇನ್ನೂ ಎರಡು ಸಾಲು ಅಡಿಕೆ ಸಸಿ ಇಡುವ ಯೋಚನೆ ಅವನಿಗಿದೆ, ಅದಕ್ಕೆ ಆ ಮರ ಅಡ್ಡ. ಸಂಜೆ ಚಹಾ ಕುಡಿಯುತ್ತಾ ನನ್ನ ಅಂಕಿಗಳನ್ನೆಲ್ಲ ಅವನ ಮುಂದಿಟ್ಟೆ. ಬಂಗಾಳ, ನಾರ್ವೆ, ಆರು ತಲೆಮಾರು, ಎಲ್ಲ. ಅವನು ಪೂರ್ತಿ ಕೇಳಿದ; ಅದು ಅವನ ಒಳ್ಳೆಯ ಗುಣ.

“ಅಣ್ಣಾ, ಅರ್ಧ ಬೆರಳಿನ ಮೀನಿಗಾಗಿ ಮರ ಬಿಡಬೇಕು ಎನ್ನುತ್ತೀಯಾ?”

ಮರದ ಬೇರು ಹೋದರೆ ಮಳೆಗಾಲದಲ್ಲಿ ದಂಡೆ ಕುಸಿದು ಪಂಪಿನ ಶೆಡ್ಡು ಹಳ್ಳಕ್ಕೆ ಬೀಳುತ್ತದೆ ಎಂದೆ. ಹೌದಲ್ಲ ಎಂದ. ಸದ್ಯಕ್ಕೆ ಮರ ಇದೆ.